ಆತಂಕಕ್ಕೊಂದು ವಿಳಾಸವಿರಲಿ

2012ರ ಆಗಸ್ಟ್ 15. ದೇಶವು ಸ್ವಾತಂತ್ರ್ಯೋತ್ಸವದ ಧ್ವಜ ಇಳಿಸಿ ವಿಶ್ರಮಿಸುತ್ತಿದ್ದ ಹೊತ್ತಿನಲ್ಲಿ ಬೆಂಗಳೂರಿನ ಸಿಟಿ ರೈಲು ನಿಲ್ದಾಣದಲ್ಲಿ, ಅಂದರೆ ಇಂದು ಕ್ರಾಂತಿವೀರ ಸಂಗೊಳ್ಳಿ ರಾಯಣ್ಣರ ಹೆಸರಿನಲ್ಲಿರುವ ನಿಲ್ದಾಣದಲ್ಲಿ, ಕಾಲಿಡಲು ಜಾಗವಿರಲಿಲ್ಲ. ಈಶಾನ್ಯ ರಾಜ್ಯಗಳ ಸಾವಿರಾರು ಯುವಕ ಯುವತಿಯರು ಚೀಲ ಹೆಗಲಿಗೇರಿಸಿ ಗುವಾಹಟಿಯ ರೈಲಿಗಾಗಿ ಕಾದು ನಿಂತಿದ್ದರು. ಸೆಕ್ಯುರಿಟಿ ಗಾರ್ಡ್‌ಗಳು, ಹೊಟೇಲು ಕಾರ್ಮಿಕರು, ಕಾಲೇಜು ವಿದ್ಯಾರ್ಥಿಗಳು ಎಲ್ಲರೂ ಆ ಗುಂಪಿನಲ್ಲಿದ್ದರು. ರೈಲ್ವೆ ಇಲಾಖೆ ವಿಶೇಷ ರೈಲುಗಳನ್ನೇ ಓಡಿಸಬೇಕಾಯಿತು. ಅದರ ಹಿಂದಿನ ತಿಂಗಳು ಅಸ್ಸಾಮಿನ ಕೊಕ್ರಝಾರ್‌ನಲ್ಲಿ ಬೋಡೋಗಳು ಮತ್ತು ಮುಸ್ಲಿಮರ ನಡುವೆ ರಕ್ತ ಹರಿದಿತ್ತು. ಅದರ ಸೇಡನ್ನು ರಮಝಾನ್ ಮುಗಿದೊಡನೆ ಇಲ್ಲಿ ತೀರಿಸಲಾಗುವುದಂತೆ ಎಂಬ ವದಂತಿಯು ಮೊಬೈಲಿನಿಂದ ಮೊಬೈಲಿಗೆ ಜಿಗಿಯುತ್ತಾ ಬಂದು, ಇಡೀ ಒಂದು ಜನಸಮೂಹವನ್ನು ಪ್ಲಾಟ್‌ಫಾರಂಗೆ ತಂದು ನಿಲ್ಲಿಸಿತ್ತು.

ಮುಖ್ಯಮಂತ್ರಿ ಜಗದೀಶ್ ಶೆಟ್ಟರ್ ಅಭಯ ನೀಡಿದರು. ಊರು ಬಿಡಬೇಡಿ ಎಂದು ಮುಸ್ಲಿಂ ಮುಖಂಡರೂ ವಿನಂತಿಸಿಕೊಂಡರು. ಆಗಸ್ಟ್ 17ರಂದು ಕೇಂದ್ರ ಸರಕಾರ ಸಾಮೂಹಿಕ ಎಸ್ಸೆಮ್ಮೆಸ್‌ಗಳ ಮೇಲೆ 15 ದಿನಗಳ ನಿರ್ಬಂಧ ಹೇರಿತು. ಹಬ್ಬ ಬಂತು, ಹೋಯಿತು. ಅಲ್ಲಲ್ಲಿ ಬಿಡಿ ಘಟನೆಗಳು ವರದಿಯಾದುವಾದರೂ, ವದಂತಿಯು ಹೇಳಿದ್ದ ಸಾಮೂಹಿಕ ದಾಳಿ ನಡೆಯಲೇ ಇಲ್ಲ. ಹೋದವರಲ್ಲಿ ಅನೇಕರು ಕೆಲವು ವಾರಗಳ ಬಳಿಕ ಮರಳಿ ಬಂದರು. ಪತ್ರಿಕೆಗಳು ಬೇರೆ ಸುದ್ದಿಯ ಕಡೆಗೆ ಹೊರಳಿದುವು.

ಅಷ್ಟಕ್ಕೂ, ಆ ಮಾತನ್ನು ಆಡಿದವರು ಯಾರು? ವದಂತಿ ಹಬ್ಬಿಸಿದ ಆರೋಪದಲ್ಲಿ ಕೆಲವರ ಬಂಧನವಾಯಿತು, ನಿಜ. ಆದರೆ ಅಂದು ನಿಲ್ದಾಣದಲ್ಲಿ ನಿಂತಿದ್ದ ಯಾವ ಹುಡುಗನನ್ನು ಕೇಳಿದರೂ ಆತನ ಬಳಿ ಹೇಳಿದವನ ಹೆಸರಿರಲಿಲ್ಲ. ಬಂದಿದ್ದುದು ‘ಅಂತೆ’ ಮಾತ್ರ. ಕನ್ನಡದಲ್ಲಿ ಈ ‘ಅಂತೆ’ ಎಂಬ ಪ್ರತ್ಯಯಕ್ಕೆ ಇರುವ ಶಕ್ತಿ ದೊಡ್ಡದು. ನಾನು ಕಂಡಿಲ್ಲ, ಯಾರೋ ಹೇಳಿದ್ದು ಎಂಬುದನ್ನು ಅದು ಎರಡಕ್ಷರದಲ್ಲಿ ಒಪ್ಪಿಕೊಳ್ಳುತ್ತದೆ. ಆ ಮಟ್ಟಿಗೆ ಅದು ಪ್ರಾಮಾಣಿಕವೂ ಹೌದು. ನಮ್ಮ ಹಿರಿಯರು ‘ಅಂತೆ ಕಂತೆಗಳ ಸಂತೆ’ ಎಂದು ನಕ್ಕು ಸುಮ್ಮನಾಗುತ್ತಿದ್ದುದು ಅದಕ್ಕಾಗಿಯೇ. ಆದರೆ ಅದೇ ‘ಅಂತೆ’ ಪತ್ರಿಕಾ ಕಚೇರಿಯ ಮೆಟ್ಟಿಲು ಹತ್ತಿದಾಗ ಶರಟು ಬದಲಿಸುತ್ತದೆ. ಅಲ್ಲಿ ಅದು ‘ಎನ್ನಲಾಗಿದೆ’ ಆಗುತ್ತದೆ. ‘ಎಂದು ಶಂಕಿಸಲಾಗಿದೆ’, ‘ಎಂಬ ಮಾತುಗಳು ಕೇಳಿಬರುತ್ತಿವೆ’, ‘ಎಂದು ಬಲ್ಲ ಮೂಲಗಳು ತಿಳಿಸಿವೆ’ ಆಗುತ್ತದೆ. ಸಂತೆಯಲ್ಲಿ ನಗೆಪಾಟಲಾಗುತ್ತಿದ್ದ ಮಾತಿಗೆ ಮುದ್ರಣದ ಗೌರವ ಸಿಗುತ್ತದೆ.

ನಮ್ಮ ಪತ್ರಿಕೋದ್ಯಮವು ಕಳೆದ ಹಲವು ದಶಕಗಳಲ್ಲಿ ಅಂಜಿಕೆಗೆಂದೇ ಒಂದು ಶಬ್ದಕೋಶವನ್ನು ಸಿದ್ಧಪಡಿಸಿಕೊಂಡಿದೆ. ಅದನ್ನು ತುಸು ಬಿಡಿಸಿ ನೋಡಬೇಕು. ‘ಪಟ್ಟಣದಲ್ಲಿ ಆತಂಕ ಮನೆಮಾಡಿದೆ’ ಎಂದು ಬರೆಯಲಾಗುತ್ತದೆ. ಯಾರ ಮನೆಯಲ್ಲಿ? ವರದಿಗಾರ ಎಷ್ಟು ಮನೆಗಳ ಬಾಗಿಲು ತಟ್ಟಿದ? ‘ಪರಿಸ್ಥಿತಿ ಉದ್ವಿಗ್ನವಾಗಿದ್ದು ನಿಯಂತ್ರಣದಲ್ಲಿದೆ’ ಎಂಬ ವಾಕ್ಯವಂತೂ ಪ್ರತಿ ಗಲಭೆಯ ವರದಿಯಲ್ಲೂ ಇರುತ್ತದೆ. ಈ ವಾಕ್ಯದಲ್ಲಿ ಕರ್ತೃ ಯಾರು? ಪರಿಸ್ಥಿತಿ! ಅಂಗಡಿ ಸುಟ್ಟವನು ಅದರಲ್ಲಿಲ್ಲ, ಅಂಗಡಿ ಕಳಕೊಂಡವನೂ ಇಲ್ಲ. ಇನ್ನು ‘ಬೂದಿ ಮುಚ್ಚಿದ ಕೆಂಡ’. ಊರಿನಲ್ಲಿ ಬಸ್ಸು ಓಡುತ್ತಿದೆ, ಶಾಲೆ ತೆರೆದಿದೆ, ಮೀನಿನ ಮಾರುಕಟ್ಟೆಯಲ್ಲಿ ಎಂದಿನಂತೆ ಚೌಕಾಶಿ ನಡೆಯುತ್ತಿದೆ. ಆದರೂ ಅದು ಬೂದಿ ಮುಚ್ಚಿದ ಕೆಂಡ. ಈ ನುಡಿಗಟ್ಟನ್ನು ಸುಳ್ಳೆಂದು ಸಾಬೀತುಪಡಿಸುವುದು ಯಾವ ಊರಿಗೂ ಸಾಧ್ಯವಿಲ್ಲ. ಯಾಕೆಂದರೆ ಶಾಂತಿಯಿಂದ ಬದುಕಿದಷ್ಟೂ ಆ ಶಾಂತಿಯನ್ನೇ ಬೂದಿಯೆಂದು ಕರೆಯಬಹುದು. ಟಿ.ವಿ. ವಾಹಿನಿಗಳು ಇವೆಲ್ಲವನ್ನೂ ಇನ್ನಷ್ಟು ಸುಲಭಗೊಳಿಸಿವೆ. ಹೇಳಬೇಕಾದುದನ್ನೆಲ್ಲ ದಪ್ಪಕ್ಷರದಲ್ಲಿ ಹೇಳಿ ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಸಾಕು. ನಾಳೆ ಯಾರಾದರೂ ಆಕ್ಷೇಪಿಸಿದರೆ, ನಾವು ಹೇಳಿಲ್ಲ, ಕೇಳಿದ್ದೇವೆ ಎಂದು ಜಾರಿಕೊಳ್ಳಬಹುದು.

ಮದ್ರಸದ ತರಗತಿಗಳಲ್ಲಿ ಹದೀಸ್ ಶಾಸ್ತ್ರ ಓದಿದವರಿಗೆ ಈ ವ್ಯಾಕರಣ ಹೊಸತೇನಲ್ಲ. ಪ್ರವಾದಿಯವರ(ಸ) ವಚನವನ್ನು ಉದ್ಧರಿಸುವ ವಿದ್ವಾಂಸರು ಎರಡು ಬಗೆಯ ಕ್ರಿಯಾರೂಪಗಳನ್ನು ಬಳಸುತ್ತಿದ್ದರು. ಇಂಥವರು ಹೇಳಿದರು ಎಂದು ಖಚಿತವಾಗಿ ಹೇಳುವುದು ಒಂದು. ಅದಕ್ಕೆ ‘ಸೀಗತುಲ್ ಜಝ್ಮ್’, ಅಂದರೆ ದೃಢತೆಯ ರೂಪ ಎಂದು ಹೆಸರು. ಹೇಳಲಾಗಿದೆ, ವರದಿಯಾಗಿದೆ ಎಂದು ಕರ್ಮಣಿ ಪ್ರಯೋಗದಲ್ಲಿ ಹೇಳುವುದು ಇನ್ನೊಂದು. ಅದಕ್ಕೆ ‘ಸೀಗತುತ್ತಮ್ರೀಝ್’ ಎನ್ನುತ್ತಾರೆ. ಆ ಪದದ ಮೂಲಧಾತುವಿನ ಅರ್ಥ ರೋಗ. ಅಂದರೆ ವಾಕ್ಯವನ್ನು ಕರ್ಮಣಿಯಲ್ಲಿ ಹೇಳಿದೊಡನೆ, ಈ ಮಾತಿಗೆ ಆರೋಗ್ಯವಿಲ್ಲ, ಇದನ್ನು ನೆಚ್ಚಿ ಮುಂದುವರಿಯಬೇಡ ಎಂಬ ಎಚ್ಚರಿಕೆ ವಿದ್ಯಾರ್ಥಿಗೆ ಸಿಗುತ್ತಿತ್ತು. ಸಾವಿರ ವರ್ಷಗಳ ಹಿಂದಿನ ವಿದ್ವಾಂಸರು ಯಾವ ರೂಪವನ್ನು ರೋಗದ ಗುರುತಾಗಿ ಬಳಸಿದರೋ ಅದನ್ನೇ ನಾವು ಇಂದು ಮುಖಪುಟದ ಶೀರ್ಷಿಕೆಯಾಗಿ ಬಳಸುತ್ತಿದ್ದೇವೆ. ‘ಎನ್ನಲಾಗಿದೆ’ ಎಂಬುದು ಓದುಗನಿಗೆ ತಡೆಗಂಬವಾಗಬೇಕಿತ್ತು. ಅದೀಗ ಬರೆದವನ ರಕ್ಷಣೆಯ ಗೋಡೆಯಾಗಿದೆ.

ಇಲ್ಲಿ ಒಂದು ಸ್ಪಷ್ಟನೆ ಅಗತ್ಯ. ಭಯಪಡಬೇಡಿ ಎಂದು ಉಪದೇಶಿಸುವುದು ಈ ಬರಹದ ಉದ್ದೇಶವಲ್ಲ. ಭಯಕ್ಕೆ ಕಾರಣಗಳಿರುತ್ತವೆ. 2007ರ ಜೂನ್ 30ರಂದು ಬ್ರಿಟನ್ನಿನ ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪನ್ನು ನುಗ್ಗಿಸಿದವನು ಬೆಂಗಳೂರಿನ ಕಫೀಲ್ ಅಹ್ಮದ್. ಆ ಕೃತ್ಯ ನಿಜ, ಅದರ ಕ್ರೌರ್ಯವೂ ನಿಜ. ಸಮುದಾಯವು ಅದನ್ನು ಸ್ಪಷ್ಟ ಮಾತುಗಳಲ್ಲಿ ಖಂಡಿಸಲೇಬೇಕಿತ್ತು. ಆದರೆ ಅದರ ಎರಡು ದಿನಗಳ ಬಳಿಕ ಆಸ್ಟ್ರೇಲಿಯಾದ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಡಾ. ಮುಹಮ್ಮದ್ ಹನೀಫ್‌ರನ್ನು ಬಂಧಿಸಿದಾಗ ನಡೆದುದೇನು? ಅವರು ಕಫೀಲ್‌ನ ದೂರದ ಸಂಬಂಧಿ. ಬ್ರಿಟನ್ ಬಿಡುವಾಗ ತನ್ನ ಸಿಮ್ ಕಾರ್ಡನ್ನು ಕಫೀಲ್‌ನ ಸಹೋದರನಿಗೆ ಕೊಟ್ಟು ಬಂದಿದ್ದರು. ಆ ಸಿಮ್ ಕಾರ್ಡ್ ಗ್ಲಾಸ್ಗೋದ ಉರಿದ ಜೀಪಿನಲ್ಲಿ ಸಿಕ್ಕಿತೆಂದು ನ್ಯಾಯಾಲಯದಲ್ಲಿ ಹೇಳಲಾಯಿತು. ಆ ಒಂದು ವಾಕ್ಯ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಓಡಾಡಿತು. ಮೂಡಿಗೆರೆಯಲ್ಲಿ ಬೆಳೆದು, ಬೆಂಗಳೂರಿನಲ್ಲಿ ವೈದ್ಯನಾದ ಯುವಕನೊಬ್ಬ ಕೆಲವೇ ದಿನಗಳಲ್ಲಿ ‘ಜಾಲ’, ‘ನಂಟು’, ‘ಕೈವಾಡ’ ಎಂಬ ಮೂರು ಪದಗಳ ನಡುವೆ ಸಿಕ್ಕಿಬಿದ್ದ.

ಆ ವಾಕ್ಯ ಸುಳ್ಳಾಗಿತ್ತು. ಸಿಮ್ ಕಾರ್ಡ್ ಇದ್ದುದು ಜೀಪಿನಲ್ಲಲ್ಲ, ಅಲ್ಲಿಂದ ನೂರಾರು ಕಿಲೋಮೀಟರ್ ದೂರದ ಲಿವರ್‌ಪೂಲ್‌ನಲ್ಲಿ. 2007ರ ಜುಲೈ 27ರಂದು ಪ್ರಾಸಿಕ್ಯೂಶನ್ ಆರೋಪವನ್ನು ಹಿಂತೆಗೆದುಕೊಂಡಿತು. 2008ರ ಡಿಸೆಂಬರ್‌ನಲ್ಲಿ ಪ್ರಕಟವಾದ ನ್ಯಾಯಾಂಗ ತನಿಖೆಯ ವರದಿ ಹನೀಫ್ ನಿರಪರಾಧಿ ಎಂದಿತು. 2010ರಲ್ಲಿ ಆಸ್ಟ್ರೇಲಿಯಾ ಸರಕಾರ ಅವರಿಗೆ ಪರಿಹಾರ ನೀಡಿತು. ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಈ ಸುಳ್ಳನ್ನು ಬಯಲಿಗೆಳೆಯುವಲ್ಲಿಯೂ ಪತ್ರಕರ್ತರ ಪಾತ್ರ ದೊಡ್ಡದು. ‘ದಿ ಆಸ್ಟ್ರೇಲಿಯನ್’ ಪತ್ರಿಕೆಯ ಹೆಡ್ಲಿ ಥಾಮಸ್, ಹನೀಫ್‌ರ ವಕೀಲರಿಂದ ಪೊಲೀಸ್ ವಿಚಾರಣೆಯ ದಾಖಲೆಯನ್ನೇ ಪಡೆದು ಪ್ರಕಟಿಸಿದರು. ಪೊಲೀಸರು ಏನು ಕೇಳಿದರು, ಹನೀಫ್ ಏನು ಉತ್ತರಿಸಿದರು ಎಂಬುದನ್ನು ಓದುಗರು ತಾವೇ ಓದುವಂತಾಯಿತು. ಆ ವರ್ಷ ಅಲ್ಲಿನ ಪತ್ರಿಕೋದ್ಯಮದ ಅತ್ಯುನ್ನತ ಗೌರವವಾದ ಗೋಲ್ಡ್ ವಾಕ್ಲಿ ಪ್ರಶಸ್ತಿ ಅವರಿಗೇ ಸಂದಿತು. ಅದೇ ದೇಶ, ಅದೇ ಪ್ರಕರಣ, ಅದೇ ಭಯದ ವಾತಾವರಣ. ಕೆಲವರು ‘ನಂಟು ಶಂಕೆ’ ಎಂದು ಬರೆದರು, ಒಬ್ಬರು ಪ್ರಶ್ನೋತ್ತರವನ್ನು ಮುಂದಿಟ್ಟರು. ಆತಂಕದ ಭಾಷೆ ಅನಿವಾರ್ಯ, ಕಾಲವೇ ಹಾಗಿದೆ ಎಂದು ವಾದಿಸುವವರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ.

ಈ ಪಾಠವನ್ನು ನಾವು ಕಲಿತೆವೇ? 2020ರ ಮಾರ್ಚ್ ಅಂತ್ಯದಲ್ಲಿ ದೆಹಲಿಯ ನಿಝಾಮುದ್ದೀನ್ ಮರ್ಕಝ್‌ನಲ್ಲಿ ಸೇರಿದ್ದ ತಬ್ಲೀಗ್ ಕಾರ್ಯಕರ್ತರಲ್ಲಿ ಕೊರೊನಾ ಸೋಂಕು ಪತ್ತೆಯಾದಾಗ ಜನರಿಗೆ ಬೇಕಿದ್ದುದು ಸರಳ ಮಾಹಿತಿ. ಎಲ್ಲಿ ಸೋಂಕಿದೆ, ಯಾರು ಪರೀಕ್ಷೆ ಮಾಡಿಸಿಕೊಳ್ಳಬೇಕು, ಎಲ್ಲಿಗೆ ಹೋಗಬೇಕು? ಮರ್ಕಝ್‌ನ ಹೊಣೆಗಾರರು ಎಡವಿದ್ದಾರೆಯೇ ಎಂಬುದೂ ನ್ಯಾಯವಾಗಿ ಕೇಳಬೇಕಾದ ಪ್ರಶ್ನೆಯೇ ಆಗಿತ್ತು. ಆದರೆ ಅನೇಕ ವಾಹಿನಿಗಳು ರೋಗಕ್ಕೆ ‘ಜಿಹಾದ್’ ಎಂಬ ಪದವನ್ನು ಜೋಡಿಸಿದುವು. ತರಕಾರಿ ಮಾರುವವನ ಹೆಸರು ಕೇಳಿ ಗೇಟು ಮುಚ್ಚುವ ಬೀದಿಗಳು ಸೃಷ್ಟಿಯಾದುವು. ಅದೇ ವರ್ಷದ ಆಗಸ್ಟ್ 21ರಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ವಿದೇಶೀ ತಬ್ಲೀಗ್ ಸದಸ್ಯರ ಮೇಲಿನ ಎಫ್‌ಐಆರ್‌ಗಳನ್ನು ರದ್ದುಪಡಿಸುತ್ತಾ, ಮಾಧ್ಯಮಗಳ ಅಪಪ್ರಚಾರವನ್ನು ಕಟುವಾಗಿ ಟೀಕಿಸಿತು. 2021ರ ಜೂನ್‌ನಲ್ಲಿ ಸುದ್ದಿ ಪ್ರಸಾರ ಮಾನದಂಡಗಳ ಪ್ರಾಧಿಕಾರವು ಈ ಕುರಿತ ಕಾರ್ಯಕ್ರಮಗಳಿಗಾಗಿ ಎರಡು ಕನ್ನಡ ಸುದ್ದಿವಾಹಿನಿಗಳಿಗೆ ದಂಡ ವಿಧಿಸಿತು. ಆದರೆ ದಂಡದ ಸುದ್ದಿಯನ್ನು ಎಷ್ಟು ಜನ ನೋಡಿದರು? ಗೇಟು ಮುಚ್ಚಿದವರಲ್ಲಿ ಎಷ್ಟು ಮಂದಿ ಅದನ್ನು ಓದಿದರು? ಆತಂಕವು ಮುಖಪುಟದಲ್ಲಿ ಹುಟ್ಟುತ್ತದೆ, ತಿದ್ದುಪಡಿಯು ಒಳಪುಟದ ಮೂಲೆಯಲ್ಲಿ ಸಾಯುತ್ತದೆ.

ಇದು ಮುಸ್ಲಿಮರ ಅಳಲು ಮಾತ್ರ ಎಂದು ಯಾರೂ ಭಾವಿಸಬೇಕಿಲ್ಲ. 1990ರ ದಶಕದಲ್ಲಿ ಕರ್ನಾಟಕದ ಅನೇಕ ಊರುಗಳ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದುದು ಹಲವರ ನೆನಪಿನಲ್ಲಿರಬಹುದು. ರಾತ್ರಿ ಬಂದು ಪರಿಚಿತರ ದನಿಯಲ್ಲಿ ಕೂಗುವ ದೆವ್ವವು ಆ ಬರಹ ಓದಿ ಮರಳುತ್ತದಂತೆ ಎಂಬುದು ನಂಬಿಕೆ. ಆ ಅಂಜಿಕೆಯನ್ನು ನೆನೆದು ಇಂದು ನಗಬಹುದು. ಯಾಕೆಂದರೆ ಆ ದೆವ್ವಕ್ಕೆ ಮನುಷ್ಯನ ಮೈಯಿರಲಿಲ್ಲ, ಹಾಗಾಗಿ ಯಾರೂ ಅದನ್ನು ಹಿಡಿದು ಹೊಡೆಯುವಂತಿರಲಿಲ್ಲ. 2018ರಲ್ಲಿ ಅದೇ ಬಾಗಿಲಿಗೆ ಮಕ್ಕಳ ಕಳ್ಳರ ವದಂತಿ ಬಂತು. ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ತಯಾರಿಸಿದ ವೀಡಿಯೊ ಒಂದರ ಕೊನೆಯ ಭಾಗವನ್ನು ಕತ್ತರಿಸಿ, ಅದು ನಮ್ಮೂರಿನ ಘಟನೆಯೆಂಬಂತೆ ವಾಟ್ಸ್ಯಾಪಿನಲ್ಲಿ ಹಂಚಲಾಯಿತು. ಈ ಬಾರಿ ದೆವ್ವಕ್ಕೆ ಮೈ ಸಿಕ್ಕಿತು. ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಅರಸಿ ಬಂದಿದ್ದ ರಾಜಸ್ಥಾನದ ಯುವಕನನ್ನು ಗುಂಪು ಬಡಿದು ಕೊಂದಿತು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಇಂಜಿನಿಯರ್ ಒಬ್ಬರು ಬಲಿಯಾದರು. ಅವರ ಜೊತೆಗಿದ್ದ ಕತಾರ್‌ನ ಗೆಳೆಯ ದಾರಿಯಲ್ಲಿ ಕಂಡ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದ, ಅಷ್ಟೇ. ಅವರ ಕಾರು ಮುರ್ಕಿ ತಲುಪುವ ಮೊದಲೇ ವಾಟ್ಸ್ಯಾಪ್ ಸಂದೇಶ ಅಲ್ಲಿ ತಲುಪಿತ್ತು. ಬಿಡಿಸಲು ಹೋದ ಪೊಲೀಸರೂ ಗಾಯಗೊಂಡರು.

ಕೊಂದವರೆಲ್ಲ ಹುಟ್ಟಾ ಕ್ರೂರಿಗಳೇ? ಅವರಲ್ಲಿ ಅನೇಕರು ತಮ್ಮ ಮಕ್ಕಳ ಬಗ್ಗೆ ನಿಜವಾಗಿ ಹೆದರಿದ್ದ ತಂದೆಯರು, ಅಣ್ಣಂದಿರು ಆಗಿರಬಹುದು. ಆತಂಕದ ಭಾಷೆಯ ಅತಿದೊಡ್ಡ ಅಪಾಯವಿರುವುದು ಇಲ್ಲಿಯೇ. ಅದು ಒಳ್ಳೆಯ ಭಾವನೆಯನ್ನೇ ಬಳಸಿಕೊಳ್ಳುತ್ತದೆ. ಮಕ್ಕಳ ಮೇಲಿನ ಪ್ರೀತಿ, ಊರಿನ ಮೇಲಿನ ಕಾಳಜಿ, ಹೆಣ್ಣುಮಕ್ಕಳ ಮಾನದ ಚಿಂತೆ ಇವೆಲ್ಲ ಅದಕ್ಕೆ ಎಣ್ಣೆಯಾಗುತ್ತವೆ.

ಪತ್ರಿಕೆಯಿಂದ ಈ ಭಾಷೆ ಬದುಕಿನೊಳಕ್ಕೆ, ಸಂಸ್ಕೃತಿಯೊಳಕ್ಕೆ ಇಳಿಯುವ ಬಗೆಯನ್ನೂ ನೋಡಬೇಕು. ‘ಲವ್ ಜಿಹಾದ್’ ಎಂಬ ಪದಕ್ಕೆ ಕಾನೂನಿನಲ್ಲಿ ವ್ಯಾಖ್ಯೆಯಿಲ್ಲ, ಕೇಂದ್ರದ ಯಾವ ತನಿಖಾ ಸಂಸ್ಥೆಯೂ ಅಂತಹ ಪ್ರಕರಣವನ್ನು ವರದಿ ಮಾಡಿಲ್ಲ ಎಂದು ಕೇಂದ್ರ ಗೃಹ ಸಚಿವಾಲಯವೇ 2020ರ ಫೆಬ್ರವರಿ 4ರಂದು ಲೋಕಸಭೆಗೆ ತಿಳಿಸಿತು. ಮೂರು ವರ್ಷಗಳ ಬಳಿಕ ‘ದಿ ಕೇರಳ ಸ್ಟೋರಿ’ ಚಿತ್ರದ ಪ್ರಚಾರದಲ್ಲಿ 32,000 ಯುವತಿಯರು ಎಂಬ ಸಂಖ್ಯೆ ಕಾಣಿಸಿಕೊಂಡಿತು. 2023ರ ಮೇ ತಿಂಗಳಲ್ಲಿ ವಿಷಯ ಸುಪ್ರೀಮ್ ಕೋರ್ಟಿಗೆ ಹೋದಾಗ, ಆ ಸಂಖ್ಯೆಗೆ ಅಧಿಕೃತ ಆಧಾರವಿಲ್ಲ ಎಂಬ ಸೂಚನೆಯನ್ನು ಚಿತ್ರದಲ್ಲಿ ತೋರಿಸಲು ನಿರ್ಮಾಪಕರು ಒಪ್ಪಿಕೊಂಡರು. ಸಂಖ್ಯೆ ಹೋಯಿತು, ಆದರೆ ಅದು ಹುಟ್ಟಿಸಿದ ಅಂಜಿಕೆ ಉಳಿಯಿತು. 2024ರಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ವಿಚಾರಣೆಯ ನಡುವೆ ಬೆಂಗಳೂರಿನ ಒಂದು ಬಡಾವಣೆಯನ್ನು ಪಾಕಿಸ್ತಾನಕ್ಕೆ ಹೋಲಿಸಿದರು. ಸುಪ್ರೀಮ್ ಕೋರ್ಟ್ ಸ್ವಯಂ ಪ್ರೇರಿತವಾಗಿ ಮಧ್ಯಪ್ರವೇಶಿಸಿತು. ನ್ಯಾಯಮೂರ್ತಿ ವಿಷಾದ ವ್ಯಕ್ತಪಡಿಸಿದರು. ಭಾರತದ ಯಾವ ಭಾಗವನ್ನೂ ಯಾರೂ ಪಾಕಿಸ್ತಾನವೆಂದು ಕರೆಯುವಂತಿಲ್ಲ ಎಂದು ಸೆಪ್ಟೆಂಬರ್ 25ರಂದು ಸರ್ವೋಚ್ಚ ನ್ಯಾಯಾಲಯ ಹೇಳಬೇಕಾಯಿತು. ಬೀದಿಯಲ್ಲಿ ಆಡುವ ಮಾತು ನ್ಯಾಯಪೀಠದ ನಾಲಿಗೆಯ ಮೇಲೂ ಬರುತ್ತದೆಂದಾದರೆ, ಅದು ಎಷ್ಟು ಆಳಕ್ಕೆ ಇಳಿದಿರಬೇಕು!

ಈ ಸಾಲುಗಳನ್ನು ಬರೆಯುತ್ತಿರುವಾತ ಕೆಲವು ವರ್ಷಗಳ ಹಿಂದೆ ನಗರವೊಂದರಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದ. ಒಬ್ಬ ಮಾಲಕರು ಮನೆ ತೋರಿಸಿದರು, ಚಹಾ ಕೊಟ್ಟರು, ಮುಂಗಡದ ಮಾತೂ ಆಯಿತು. ಹೆಸರು ಕೇಳಿದ ಬಳಿಕ ಅವರ ದನಿ ಕುಗ್ಗಿತು. ‘ನಮಗೇನೂ ಇಲ್ಲ ಸಾರ್, ಅಕ್ಕಪಕ್ಕದವರು ಏನಾದರೂ ಅಂತಾರೋ ಏನೋ’ ಎಂದರು. ಅವರು ಕೆಟ್ಟ ಮನುಷ್ಯರಾಗಿರಲಿಲ್ಲ, ಗೇಟಿನ ತನಕ ಬಂದು ಬೀಳ್ಕೊಟ್ಟರು. ಪಕ್ಕದ ಮನೆಯವರನ್ನು ಕೇಳಿದ್ದರೆ ಅವರೂ ತಮ್ಮ ಅಕ್ಕಪಕ್ಕದವರ ಕಡೆಗೆ ಕೈ ತೋರಿಸುತ್ತಿದ್ದರೋ ಏನೋ. ಇಡೀ ಬೀದಿಯಲ್ಲಿ ಹೆದರಿದವರು ಯಾರೂ ಇಲ್ಲ. ಆದರೂ ಮನೆ ಸಿಗಲಿಲ್ಲ. ‘ಎನ್ನಲಾಗಿದೆ’ ಎಂಬ ವಾಕ್ಯವನ್ನು ಬದುಕಿನಲ್ಲಿ ಆಡಿ ತೋರಿಸಿದರೆ ಅದು ಹೀಗಿರುತ್ತದೆ.

ಇಷ್ಟೆಲ್ಲ ಹೇಳಿದ ಬಳಿಕ ನಮ್ಮ ಕಡೆಗೊಮ್ಮೆ ತಿರುಗದಿದ್ದರೆ ಅದು ಅಪ್ರಾಮಾಣಿಕತೆಯಾದೀತು. ಸಮುದಾಯದ ಪತ್ರಿಕೆಗಳು, ಮಿಂಬರ್‌ಗಳು, ವಾಟ್ಸ್ಯಾಪ್ ಗುಂಪುಗಳು ಈ ಭಾಷೆಯಿಂದ ಮುಕ್ತವಾಗಿವೆಯೇ? ಪೋಲಿಯೊ ಹನಿಯಿಂದ ಮಕ್ಕಳು ಬಂಜೆಯಾಗುತ್ತಾರಂತೆ ಎಂಬ ವದಂತಿಯು ಈ ಶತಮಾನದ ಆರಂಭದಲ್ಲಿ ಪಶ್ಚಿಮ ಉತ್ತರ ಪ್ರದೇಶದ ಮುಸ್ಲಿಂ ಮೊಹಲ್ಲಾಗಳಲ್ಲಿ ಬಾಗಿಲುಗಳನ್ನು ಮುಚ್ಚಿಸಿತು. 2002ರಲ್ಲಿ ದೇಶದಲ್ಲಿ ದಾಖಲಾದ 1,600 ಪೋಲಿಯೊ ಪ್ರಕರಣಗಳಲ್ಲಿ ಬಹುಪಾಲು ಉತ್ತರ ಪ್ರದೇಶದವು. ಅದಕ್ಕೆ ಬಡತನ, ಕೊಳಕು ನೀರು, ಸರಕಾರಿ ನಿರ್ಲಕ್ಷ್ಯ ಎಲ್ಲವೂ ಕಾರಣ. ಆದರೆ ನಮ್ಮ ‘ಅಂತೆ’ಯೂ ಒಂದು ಕಾರಣವಾಗಿತ್ತು. ಕಾಲು ಕಳಕೊಂಡ ಮಗುವಿಗೆ ಉತ್ತರ ಕೊಡುವವರು ಯಾರು? ಆ ಬಳಿಕ ಅಲೀಗಢ ಮತ್ತು ಜಾಮಿಯಾದಂತಹ ವಿದ್ಯಾಸಂಸ್ಥೆಗಳೂ ಇಮಾಮರೂ ಮುಂದೆ ಬಂದು, ತಮ್ಮ ಹೆಸರು ಹೇಳಿಯೇ ಜನರನ್ನು ಒಪ್ಪಿಸಿದರು. ದೇಶದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ವರದಿಯಾಯಿತು. 2014ರ ಮಾರ್ಚ್ 27ರಂದು ಭಾರತವು ಪೋಲಿಯೊ ಮುಕ್ತವೆಂದು ಪ್ರಮಾಣೀಕರಿಸಲ್ಪಟ್ಟಿತು. ಹೆಸರಿಲ್ಲದ ಮಾತು ಮುಚ್ಚಿಸಿದ್ದ ಬಾಗಿಲನ್ನು ಹೆಸರಿರುವ ಮನುಷ್ಯರು ತೆರೆಸಿದರು.

ಇನ್ನೊಂದು ತಪ್ಪೊಪ್ಪಿಗೆ. ಮಳೆಗಾಲದ ಒಂದು ಸಂಜೆ, ಪತ್ರಿಕೆ ಅಚ್ಚಿಗೆ ಹೋಗುವ ಹೊತ್ತಿಗೆ, ಹಳ್ಳಿಯೊಂದರ ಮಸೀದಿಗೆ ಕಲ್ಲು ಬಿದ್ದಿದೆ ಎಂಬ ಸಂದೇಶ ಬಂತು. ಒಡೆದ ಹಂಚಿನ ಫೋಟೊ ಕೂಡ ಇತ್ತು. ಶೀರ್ಷಿಕೆ ಸಿದ್ಧವಾಯಿತು. ‘ಉದ್ವಿಗ್ನ’ ಎಂಬ ಪದ ಅದರಲ್ಲಿತ್ತು. ಪುಟ ಕಳುಹಿಸುವ ಮುನ್ನ ಯಾಕೋ ಅಳುಕಿ ಆ ಮಸೀದಿಯ ಮುಅಝ್ಝಿನ್‌ರಿಗೆ ಫೋನು ಮಾಡಿದಾಗ ಅವರು ನಕ್ಕರು. ಗಾಳಿಗೆ ಪಕ್ಕದ ತೋಟದ ತೆಂಗಿನ ಮಡಲು ಬಿದ್ದು ಹಂಚು ಒಡೆದಿತ್ತು. ತೋಟದ ಮಾಲಕ, ಅವರು ಹಿಂದೂ, ಆಗಲೇ ಹೊಸ ಹಂಚು ತಂದಿಟ್ಟು ಹೋಗಿದ್ದರು. ಆ ಫೋನು ಮಾಡದೇ ಇರುತ್ತಿದ್ದರೆ? ಮರುದಿನ ಆ ಹಂಚು ತಂದವರ ಮನೆಯ ಮುಂದೆ ಯಾರು ನಿಂತಿರುತ್ತಿದ್ದರು? ಈ ಪ್ರಶ್ನೆ ಇಂದಿಗೂ ಬೆನ್ನು ಬಿಟ್ಟಿಲ್ಲ. ನಾವು ಇತರ ಮಾಧ್ಯಮಗಳ ಮೇಲೆ ಹೊರಿಸುವ ಆರೋಪಕ್ಕೂ ನಮಗೂ ನಡುವೆ ಇದ್ದ ಅಂತರ ಒಂದು ಫೋನು ಕರೆಯಷ್ಟೇ.

ಪವಿತ್ರ ಕುರ್‌ಆನಿನ ನಾಲ್ಕನೆಯ ಅಧ್ಯಾಯದ 83ನೆಯ ವಚನವು ಈ ದೌರ್ಬಲ್ಯವನ್ನು ಹೆಸರಿಸಿಯೇ ಮಾತಾಡುತ್ತದೆ. ಅಭಯದ ಅಥವಾ ಭಯದ ಸುದ್ದಿ ಕಿವಿಗೆ ಬಿದ್ದೊಡನೆ ಅದನ್ನು ಹರಡಿಬಿಡುವವರನ್ನು ಅದು ಆಕ್ಷೇಪಿಸುತ್ತದೆ. ಅರಿತವರ ಮುಂದೆ ಇಟ್ಟು ಪರಿಶೀಲಿಸಬೇಕಿತ್ತು ಎನ್ನುತ್ತದೆ. ಅಲ್ಲಿ ‘ಹರಡುವುದು’ ಎಂಬ ಅರ್ಥದಲ್ಲಿ ಬಂದಿರುವ ಅರಬಿ ಕ್ರಿಯಾಪದದಿಂದಲೇ ಇಂದಿನ ಅರಬಿಯಲ್ಲಿ ರೇಡಿಯೊ ಪ್ರಸಾರಕ್ಕೆ ಬಳಸುವ ‘ಇಝಾಅ’ ಎಂಬ ಪದ ಬಂದಿದೆ. ಕುರ್‌ಆನಿನ ಕೊನೆಯ ಅಧ್ಯಾಯವು ಅಭಯ ಬೇಡಲು ಕಲಿಸುವುದು ಪಿಸುಗುಟ್ಟಿ ಹಿಂದೆ ಸರಿಯುವವನ ಕೆಡುಕಿನಿಂದ. ಪಿಸುಗುಟ್ಟುವುದು, ಮತ್ತೆ ಹಿಂದೆ ಸರಿಯುವುದು. ಆರೋಪವನ್ನು ಎದೆಯೊಳಗಿಟ್ಟು, ಕೇಳಿದರೆ ‘ಎನ್ನಲಾಗಿದೆ’ ಎನ್ನುವವನ ವರ್ತನೆಗೆ ಇದಕ್ಕಿಂತ ಸರಿಯಾದ ವಿವರಣೆ ಬೇರಿಲ್ಲ. ಬರೆಯುವಾತ ಯಾವ ಧರ್ಮದವನೇ ಆಗಿರಲಿ, ಈ ಎಚ್ಚರಿಕೆ ಅವನ ವೃತ್ತಿಗೂ ಅನ್ವಯಿಸುತ್ತದೆ. ಊಹೆ, ವದಂತಿಗಳನ್ನು ಸತ್ಯಸಂಗತಿಯಂತೆ ಬರೆಯಬಾರದೆಂದು ಭಾರತೀಯ ಪತ್ರಿಕಾ ಮಂಡಳಿಯ ನಡವಳಿಕೆ ಸಂಹಿತೆಯೂ ಹೇಳುತ್ತದೆ.

ಹಾಗಾದರೆ ಮಾಡಬೇಕಾದುದೇನು? ಭಯದ ಸುದ್ದಿ ಬರೆಯುವ ಮುನ್ನ ಹೆದರಿದವರು ಯಾರು, ಅವರ ಊರು ಯಾವುದು, ಅವರಿಗೆ ಆದುದೇನು, ಅದನ್ನು ಹೇಳಿದವರು ಯಾರು ಎಂದು ಕೇಳಿಕೊಳ್ಳಬೇಕು. ಉತ್ತರವಿದ್ದರೆ ದೊಡ್ಡಕ್ಷರದಲ್ಲಿಯೇ ಬರೆಯೋಣ. ಅಂಗಡಿ ಕಳಕೊಂಡವನ ಭಯಕ್ಕೆ ತಾರೀಕಿದೆ, ಬೀದಿಯ ಹೆಸರಿದೆ, ನಷ್ಟದ ಲೆಕ್ಕವಿದೆ. ‘ಪರಿಸ್ಥಿತಿ ಉದ್ವಿಗ್ನ’ ಎಂದು ಬರೆದು ಅವನನ್ನು ಮರೆಮಾಚುವುದು ಕೂಡ ಅನ್ಯಾಯವೇ. ಉತ್ತರವಿಲ್ಲವಾದರೆ ಕಾಯೋಣ. ಒಂದು ದಿನ ತಡವಾಗಿ ಬಂದ ಸುದ್ದಿಯಿಂದ ಯಾವ ಊರೂ ಸುಟ್ಟುಹೋಗಿಲ್ಲ. ತಪ್ಪಾದರೆ, ತಪ್ಪು ಎಲ್ಲಿ ಅಚ್ಚಾಗಿತ್ತೋ ಅಲ್ಲಿಯೇ, ಅದೇ ಗಾತ್ರದಲ್ಲಿ ತಿದ್ದುಪಡಿ ಹಾಕೋಣ. ಓದುಗರಿಗೂ ಇಲ್ಲಿ ಪಾತ್ರವಿದೆ. ಮುಂದಿನ ಬಾರಿ ಸಂದೇಶವೊಂದು ‘ಎಚ್ಚರ’ ಎಂದು ಮೊಬೈಲಿಗೆ ಬಂದಾಗ, ಕಳುಹಿಸಿದವರಿಗೆ ‘ನೀವು ಕಂಡಿರಾ?’ ಎಂಬ ಒಂದು ಪ್ರಶ್ನೆಯನ್ನು ಮರಳಿ ಕಳುಹಿಸಿದರೆ ಸಾಕು.

2012ರ ಆ ರಾತ್ರಿ ಗುವಾಹಟಿಯ ರೈಲು ಹತ್ತಿದವರಲ್ಲಿ ಕೆಲಸ ಕಳಕೊಂಡವರಿದ್ದರು, ಪರೀಕ್ಷೆ ತಪ್ಪಿಸಿಕೊಂಡವರಿದ್ದರು. ಅವರ ಭಯಕ್ಕೆ ಕಾರಣರೆಂದು ವದಂತಿ ಬೆರಳು ತೋರಿಸಿದ್ದ ಸಮುದಾಯವೂ ಆ ದಿನಗಳಲ್ಲಿ ತನ್ನ ಹಬ್ಬವನ್ನು ತಲೆ ತಗ್ಗಿಸಿಯೇ ಆಚರಿಸಿತು. ಎರಡೂ ಕಡೆಯವರಿಗೆ ಆದ ನಷ್ಟಕ್ಕೆ ಕ್ಷಮೆ ಕೇಳಲು ಯಾರೂ ಬರಲಿಲ್ಲ. ಬರುವುದಾದರೂ ಹೇಗೆ? ಆ ವಾಕ್ಯವನ್ನು ಯಾರೂ ಹೇಳಿರಲಿಲ್ಲ, ಎಲ್ಲರೂ ಕೇಳಿದ್ದರು.